ಅತ್ತಿಗೆ ಬೇಡ ಎಂದ ದಿನ

ನಮ್ಮ ಅತ್ತಿಗೆಯ ಮನೆಯಲ್ಲಿ ಬ್ರಷ್ಷುಗಳಿಗೆಂದೇ ಒಂದು ಕಪಾಟಿದೆ. ಬಾಟಲಿ ತೊಳೆಯುವುದು, ಕಿಟಕಿ ಉಜ್ಜುವುದು, ಯಾತಕ್ಕೆಂದು ದೇವರಿಗೂ ಗೊತ್ತಿಲ್ಲದ್ದು. ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲಿಗೆ ಬಂದ ಯಾರನ್ನೂ ಅವಳು ಹಾಗೇ ಕಳಿಸಿದವಳಲ್ಲ. ಕೂರಿಸಿ, ಫ್ಯಾನ್ ಹಾಕಿ, ನೀರು ಕೊಟ್ಟು, ಏನಾದರೊಂದು ಕೊಳ್ಳುತ್ತಾಳೆ. ಇನ್ನೊಂದು ಬ್ರಷ್ ಬಂದರೆ ನಾನು ಹೊರಗೆ ಮಲಗಬೇಕಾಗುತ್ತದೆ ಎಂದು ಅಣ್ಣ ಗೊಣಗುತ್ತಾನೆ. ನಾನಂತೂ ಅವಳ ಕಾಲೆಳೆಯಲು ಕಾದೇ ಇರುತ್ತೇನೆ. ವಯಸ್ಸಿನಲ್ಲಿ ನನ್ನ ಓರಗೆಯವಳು, ಅದಕ್ಕೇ ಈ ಸಲಿಗೆ, ಈ ಏಕವಚನ. ಪರದೆ, ದಿಂಬಿನ ಕವರು ಹೊಲಿಯುವುದು ಅವಳ ಕಸುಬು. ನಾವು ಏನೇ ಅಂದರೂ ತಲೆ ಎತ್ತದೆ ಮಿಷನ್ ತುಳಿಯುತ್ತಿರುತ್ತಾಳೆ.

ಅವಳೂ ಒಂದು ಕಾಲಕ್ಕೆ ಆ ಚೀಲ ಹೊತ್ತವಳು. ಓದು ಮುಗಿದ ಹೊಸದರಲ್ಲಿ ಆಫೀಸ್ ಕೆಲಸ, ಅನುಭವ ಬೇಕಿಲ್ಲ, ಬೇಗನೆ ಮ್ಯಾನೇಜರ್ ಆಗಬಹುದು ಎಂಬ ಜಾಹೀರಾತು ನೋಡಿ ಹೋಗಿದ್ದಳಂತೆ. ಆಫೀಸೆಂದರೆ ಒಂದು ರೂಮು, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ, ಬೆಳಗಾದರೆ ಹಾಡು, ಚಪ್ಪಾಳೆ. ಆಮೇಲೆ ಕೈಗೆ ಚಾಕು ಸೆಟ್ಟುಗಳ ಚೀಲ ಕೊಟ್ಟು ಬೀದಿಗೆ ಬಿಟ್ಟರು. ಸಂಬಳವೆಂಬುದೇ ಇಲ್ಲ, ಮಾರಿದರೆ ಮಾತ್ರ ಪಾಲು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲು ನಿಮ್ಮ ಮನೆಯವರ ಹತ್ತಿರ ಹೋಗಿ ಅಭ್ಯಾಸ ಮಾಡಿ ಎಂದು ಕಲಿಸಿದರು. ಮೊದಲ ಸೆಟ್ಟು ಕೊಂಡವಳು ಅವಳ ಅಮ್ಮ. ಸಂಜೆ ಆಫೀಸಿನಲ್ಲಿ ಇವಳನ್ನು ಕುರ್ಚಿ ಮೇಲೆ ನಿಲ್ಲಿಸಿ ಎಲ್ಲರೂ ಚಪ್ಪಾಳೆ ಹೊಡೆದರು. ತನ್ನ ಮಾತಿನಲ್ಲಿ ಏನೋ ಮೋಡಿ ಇದೆ ಎಂದು ಈ ಪೆದ್ದಿ ನಂಬಿದಳು. ದೊಡ್ಡಮ್ಮ ಕೊಂಡರು, ಚಿಕ್ಕಪ್ಪ ಕೊಂಡರು. ನೆಂಟರು ಮುಗಿದರು, ವ್ಯಾಪಾರವೂ ಮುಗಿಯಿತು. ನಿನ್ನಲ್ಲೇ ಛಲವಿಲ್ಲ ಎಂದರು ಆಫೀಸಿನವರು. ಮದುವೆ ಮನೆಯಲ್ಲಿ ಇವಳನ್ನು ಕಂಡು ನೆಂಟರು ಆ ಕಡೆ ತಿರುಗಿಕೊಳ್ಳುವ ಹಾಗಾದ ಮೇಲೆ ಬಿಟ್ಟಳು.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಮಗಳು ಅದೇ ಗುಂಡಿಯ ಕಡೆ ಹೊರಟಿದ್ದಳು. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿದ್ದಾಳೆ. ಯಜಮಾನರು ಸಿಡುಕರಾದರೂ ಕೆಲಸ ಕಲಿಸುತ್ತಾರೆ, ಸಂಬಳ ತಪ್ಪಿಸಿದವರಲ್ಲ. ಫೋನಿನಲ್ಲಿ ಮ್ಯಾನೇಜ್‌ಮೆಂಟ್ ಟ್ರೈನಿ ಎಂಬ ಜಾಹೀರಾತು ಕಂಡು ಅರ್ಜಿ ಹಾಕಿದಳು, ಹೋದ ದಿನವೇ ಆಯ್ಕೆಯಾದಳು. ಅವತ್ತಿನಿಂದ ಅವಳ ಕಾಲು ನೆಲದ ಮೇಲಿರಲಿಲ್ಲ. ಏನೂ ಮಾರಾಟವಾಗದ ತಿಂಗಳು ಸಂಬಳ ಎಷ್ಟು ಕೊಡುತ್ತಾರೆ, ಕೇಳಿದೆಯಾ ಎಂದಳು ಅತ್ತಿಗೆ. ನಿನ್ನ ಕಾಲವೇ ಬೇರೆ ಅತ್ತೆ ಎಂದು ಇವಳು ಮೂಗು ಮುರಿದಳು. ನಾನು ಬಾಯಿ ಬಡಿದುಕೊಂಡದ್ದೇ ಬಂತು. ಅಂಗಡಿಗೆ ಒಂದು ದಿನ ರಜೆ ಹಾಕಿ ನೋಡುವುದು, ವ್ಯಾಪಾರ ಕುದುರಿದರೆ ಮಾರನೆಯ ಬೆಳಿಗ್ಗೆಯೇ ಯಜಮಾನರಿಗೆ ಬಿಡುತ್ತೇನೆಂದು ಹೇಳುವುದು ಎಂದು ತೀರ್ಮಾನಿಸಿದಳು. ಆ ಕೌಂಟರಿಗೆ ಕಾದು ಕುಳಿತವರು ಬೇಕಾದಷ್ಟು ಜನ. ಬಿಟ್ಟರೆ ಮತ್ತೆ ಸಿಗುವ ಮಾತೇ ಇಲ್ಲ.

ಆ ದಿನ ನಾನು ಅತ್ತಿಗೆಯ ಮನೆಯಲ್ಲಿ ಪರದೆ ಮಡಚುತ್ತಿದ್ದೆ. ಬೆಲ್ ಆಯಿತು. ಬಾಗಿಲಲ್ಲಿ ನನ್ನ ಮಗಳು, ಎದೆಗೆ ಬ್ಯಾಡ್ಜು, ಹೆಗಲಿಗೆ ಚೀಲ, ಕೈಯಲ್ಲಿ ನೆಲ ಒರೆಸುವ ಮಾಪು. ಪಕ್ಕದಲ್ಲಿ ಟೈ ಕಟ್ಟಿದ ಹುಡುಗ, ಟೀಮ್ ಲೀಡರನಂತೆ. ನಮಸ್ಕಾರ ಮೇಡಂ ಎಂದು ಶುರು ಮಾಡಿದಳು, ಸ್ವಂತ ಅತ್ತೆಗೆ. ನನಗೆ ನಗು ಉಕ್ಕಿ ಬಂತು. ಆದರೆ ಸುಳ್ಳೇಕೆ ಹೇಳಲಿ, ಹುಡುಗಿ ಚೆನ್ನಾಗಿಯೇ ಮಾತಾಡಿದಳು. ಹೊಸಿಲಿನ ಬಳಿ ನೆಲ ಒರೆಸಿ ತೋರಿಸಿ, ಆಸೆಯಿಂದ ಮುಖ ನೋಡುತ್ತ ನಿಂತಳು.

ಅತ್ತಿಗೆಯ ಕೈ ಪರ್ಸಿನ ತನಕ ಹೋಯಿತು. ಅಲ್ಲೇ ನಿಂತಿತು. ಬೇಡ ಪುಟ್ಟಿ ಎಂದವಳೇ ಬಾಗಿಲು ಹಾಕಿಬಿಟ್ಟಳು. ಕಂಡಕಂಡವರಿಂದೆಲ್ಲ ಕೊಂಡವಳು ನನ್ನ ಕೂಸಿಗೆ ಇಲ್ಲ ಅಂದಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ತಿರುಗಿ ನೋಡಿದರೆ ಬಾಗಿಲಿಗೆ ಒರಗಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಾಳೆ. ಈ ಅತ್ತಿಗೆಯ ಮೇಲೆ ನನಗೆಷ್ಟು ಪ್ರೀತಿಯಿದೆ ಎಂದು ಆಗ ಗೊತ್ತಾಯಿತು.

ಬೆಲ್ ಮತ್ತೆ ಬಡಿಯಿತು. ಮೊದಲ ಸಲದ ಬೇಡವನ್ನು ಬೇಡವೆಂದು ಎಣಿಸಬಾರದು ಎಂಬುದು ಆ ಕಂಪನಿಯವರ ಪಾಠ. ಅತ್ತಿಗೆ ಕಣ್ಣೊರೆಸಿಕೊಂಡು ಬಾಗಿಲು ತೆರೆದಳು.

"ಇದನ್ನ ನಾನು ತಗೊಂಡ್ರೆ ನಾಳೆ ನೀನು ಅಂಗಡಿ ಬಿಡ್ತೀಯ. ನಮ್ಮಮ್ಮ ಪ್ರೀತಿಗೆ ತಗೊಂಡ್ಲು, ನಾನು ಅದನ್ನ ವ್ಯಾಪಾರ ಅಂದ್ಕೊಂಡೆ. ಅವತ್ತು ಅವಳು ಬೇಡ ಅಂದಿದ್ರೆ ನಾನು ಅಷ್ಟು ದಿನ ಬೀದಿ ಸುತ್ತುತ್ತಿರಲಿಲ್ಲ ಕಣೇ."

ಮಗಳ ಮುಖ ಸಪ್ಪಗಾಯಿತು. ಮಾಪಿನ ಕೋಲನ್ನೇ ನೋಡುತ್ತಿದ್ದವಳು ಲೀಡರನ ಕಡೆ ತಿರುಗಿದಳು. ಯಾರೂ ಕೊಳ್ಳದಿದ್ದರೆ ತಿಂಗಳ ಕೊನೆಗೆ ನನಗೆ ಏನು ಸಿಗುತ್ತದೆ ಎಂದು ಕೇಳಿದಳು. ಹಾಗೆಲ್ಲ ನೆಗೆಟಿವ್ ಆಗಿ ಯೋಚಿಸಬಾರದು ಎಂದ ಅವನು. ಇನ್ನೊಮ್ಮೆ ಕೇಳಿದಳು. ಅವನು ಟೈ ಸರಿಮಾಡಿಕೊಂಡ. ಮಗಳು ಬ್ಯಾಡ್ಜು ಬಿಚ್ಚಿ ಮಾಪು, ಚೀಲದ ಜೊತೆ ಅವನ ಕೈಗಿತ್ತು, ಒಳಗೆ ಬಂದು ನನ್ನ ಪರದೆಗಳ ರಾಶಿಯಲ್ಲಿ ಮುಖ ಹುದುಗಿಸಿ ಅತ್ತಳು. ಅಳಲಿ ಎಂದು ಬೆನ್ನು ಸವರುತ್ತ ಕುಳಿತೆ.

ಆ ಹುಡುಗ ಎರಡೆರಡು ಚೀಲ ಹೊತ್ತು ಮೆಟ್ಟಿಲಿಳಿಯುತ್ತಿದ್ದ. ಅತ್ತಿಗೆ ಬಿಡಬೇಕಲ್ಲ. ಬಾಪ್ಪಾ, ನೀರು ಕುಡಿದು ಹೋಗು ಎಂದು ಕರೆದು ಕೂರಿಸಿದಳು. ಹತ್ತಿರದಿಂದ ನೋಡಿದರೆ ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು, ಅಷ್ಟೇ. ಶೂ ಪಕ್ಕದಲ್ಲಿ ಬಾಯಿಬಿಟ್ಟಿತ್ತು. ನಿನ್ನ ಹತ್ತಿರ ಮೊದಲು ಕೊಂಡವರು ಯಾರು ಎಂದು ಅತ್ತಿಗೆ ಕೇಳಿದಳು.

"ನಮ್ಮಕ್ಕ. ಆಮೇಲೂ ಅವಳೇ, ಮೂರ್ನಾಲ್ಕು ಸಲ. ಈಗ ನನ್ನ ಫೋನ್ ಎತ್ತಲ್ಲ ಮೇಡಂ."

ಅತ್ತಿಗೆ ಮಿಷನ್ ಮೇಲಿದ್ದ ತನ್ನ ಫೋನನ್ನು ತೆಗೆದು ಅವನ ಕೈಗೆ ಕೊಟ್ಟಳು. ಅವನು ಅದನ್ನು ನೋಡುತ್ತ ಕುಳಿತ, ಆಮೇಲೆ ನಂಬರ್ ಒತ್ತಿದ. ಆ ಕಡೆಯಿಂದ ಹೆಂಗಸಿನ ದನಿ ಯಾರು ಎಂದಿತು.

"ಅಕ್ಕಾ, ಇಟ್ಟುಬಿಡ್ಬೇಡ," ಎಂದ. "ಏನೂ ಮಾರೋಕಲ್ಲ."