ಸೋಮವಾರದ ಟೆಂಪೋ, ಸೀತಾಫಲದ ಅಜ್ಜಿ

ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ಎರಡು ಸೀಳಾಗಿತ್ತು. ಸೌದೆ ಕಡಿಯುವಾಗ ಮಚ್ಚು ಜಾರಿ ಬಿದ್ದ ಪೆಟ್ಟು, ಸೀಳು ಮತ್ತೆ ಕೂಡಿಕೊಳ್ಳಲೇ ಇಲ್ಲ. ಆ ಉಗುರನ್ನೇ ಸೀತಾಫಲದ ಮೇಲೆ ಮೆಲ್ಲಗೆ ಆಡಿಸಿ, "ಇದಿನ್ನೂ ಕಣ್ಣು ಬಿಟ್ಟಿಲ್ಲ, ಇರ್ಲಿ ಬಿಡು" ಎಂದು ಗಿಡದಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದಳು. ಹಣ್ಣಿನ ಮೈಮೇಲಿನ ಗೆರೆಗಳು ಅಗಲವಾಗಿ ಬೆಳ್ಳಗೆ ಕಂಡರೆ ಮಾತ್ರ ಅದು ಕಣ್ಣು ಬಿಟ್ಟ ಹಾಗೆ. ಅಂಥವುಗಳಲ್ಲೂ ಗಿಡಕ್ಕೆ ನಾಲ್ಕು ಹಣ್ಣು ಕರಡಿಯ ಪಾಲೆಂದು ಬಿಡುತ್ತಿದ್ದಳು.

"ಅದ್ಕೂ ಹೊಟ್ಟೆ ಐತಲ್ಲಪ್ಪ. ಇಲ್ಲಿ ಸಿಗ್ಲಿಲ್ಲ ಅಂದ್ರೆ ನಮ್ಮ ಶೇಂಗಾ ಹೊಲಕ್ಕೇ ಬರ್ತೈತೆ."

ಮೊಳಕಾಲ್ಮೂರು ಕಡೆಯ ಆ ಗುಡ್ಡದ ಊರಿಗೆ ನಾನು ಹೋದದ್ದು ಸಂಸ್ಥೆಯೊಂದರ ಕೆಲಸಗಾರನಾಗಿ. ತುಂಡು ಹೊಲದ ಶೇಂಗಾ ವರ್ಷವಿಡೀ ಸಾಲದೆ ಹೆಂಗಸರು ಗುಡ್ಡದ ಗಿಡ ಕಡಿದು ರಾಂಪುರದಲ್ಲಿ ಸೌದೆ ಮಾರುತ್ತಿದ್ದರು. ಸೌದೆ ಬಿಡಿ, ಸೀತಾಫಲ ಕೊಡಿ, ಚಳ್ಳಕೆರೆಯಲ್ಲಿ ಮಾರಿಸುವ ಹೊಣೆ ನನ್ನದು ಎಂದು ಸಭೆಯ ಮೇಲೆ ಸಭೆ ಮಾಡಿದೆ. ಉಳಿದವರು ತಲೆಯಾಡಿಸಿದರು. ಅಜ್ಜಿ ಮನೆಗೆ ಹೋಗಿ ಮಚ್ಚನ್ನು ಸೂರಿಗೆ ಸಿಕ್ಕಿಸಿ ಬಂದಳು.

"ನಿನ್ ಮಾತಿನ ಮ್ಯಾಲೆ ಇಟ್ಟೀನಿ ತಮ್ಮಾ" ಎಂದಳು.

ಕಚೇರಿ ಟೆಂಪೋ ಕೊಟ್ಟಿತು. ವಾರಕ್ಕೊಮ್ಮೆ, ಸೋಮವಾರ.

"ಹಣ್ಣಿಗೆ ಸೋಮವಾರ ಅಂತ ಗೊತ್ತಾಗ್ತೈತೇನಪ್ಪಾ?"

ಕಣ್ಣು ಬಿಟ್ಟ ಹಣ್ಣು ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಗೊತ್ತಿದ್ದೂ ವಾರಕ್ಕೊಂದು ಗಾಡಿ ಸಾಲದೆಂದು ನಾನು ಕಚೇರಿಗೆ ಗಟ್ಟಿಯಾಗಿ ಹೇಳಲಿಲ್ಲ. ಕ್ರೇಟು ತುಂಬಿಸಿ ಎಂದು ನಾನೇ ಬೆನ್ನು ಹತ್ತಿದ್ದರಿಂದ ಹೆಂಗಸರು ಭಾನುವಾರ ಎಳೆಗಾಯಿಯನ್ನೂ ಬಿಡದೆ ಕಿತ್ತರು. ಅಜ್ಜಿ ತಂದದ್ದು ಅರ್ಧ ಬುಟ್ಟಿ.

"ಎಲ್ಲರೂ ತುಂಬಿಸಿ ತಂದಿಲ್ವೇನಜ್ಜಿ? ನಿನ್ನೊಬ್ಬಳದೇ ಹಠ!" ಎಂದು ಎಲ್ಲರೆದುರು ರೇಗಿದೆ. ಸಿಟ್ಟು ಬಂದರೆ ತೆಲುಗಿಗೆ ಹೊರಳಿ ಜನ್ಮ ಜಾಲಾಡುವ ಅಜ್ಜಿ ಅಂದು ಬುಟ್ಟಿಯನ್ನು ಟೆಂಪೋಗೆ ಎತ್ತಿಟ್ಟು ಹೋದಳು.

ನಾಲ್ಕು ದಿನ ಬಿಟ್ಟು ಚಳ್ಳಕೆರೆಯಿಂದ ಹಣ್ಣಿನ ವ್ಯಾಪಾರಿ ಸಾಬರ ಫೋನು.

"ಏನ್ ಭಾಯ್, ಇದೇನ್ ಕಳಿಸೀರಿ? ಒಂದೂ ಹಣ್ಣಾಗ್ಲಿಲ್ಲ, ಎಲ್ಲಾ ಕರ‍್ರಗಾಗಿ ಕಲ್ಲಾಗೈತೆ. ಆ ಅರ್ಧ ಬುಟ್ಟಿ ಮಾತ್ರ ಅವತ್ತೇ ಖಾಲಿ. ಅಂಥದ್ದಿದ್ರೆ ಕಳ್ಸಿ, ಇಲ್ಲಾಂದ್ರೆ ಬ್ಯಾಡ."

ಟೆಂಪೋ ನಿಂತಿತು. ಹೆಂಗಸರು ಮತ್ತೆ ಮಚ್ಚು ಹಿಡಿದು ಗುಡ್ಡ ಹತ್ತಿದರು. ಬೇಡ ಎನ್ನಲು ನನಗೆ ಯಾವ ಮುಖವಿತ್ತು? ಅಜ್ಜಿ ಮಾತ್ರ ಮಚ್ಚು ಮುಟ್ಟಲಿಲ್ಲ. ಅರ್ಧ ಬುಟ್ಟಿ ಹೊತ್ತು ಬಸ್ಸಿನಲ್ಲಿ ರಾಂಪುರಕ್ಕೆ ಹೋಗಿ ಕೂತು ಮಾರುತ್ತಿದ್ದಳು. ನನ್ನನ್ನು ಕಂಡರೆ ಒಂದು ಹಣ್ಣು ಕೈಗಿಟ್ಟು, "ಗಾಡಿ ಯಾವಾಗ ತರ್ತೀಯಪ್ಪಾ?" ಎನ್ನುತ್ತಿದ್ದಳು. ದಿನ ಬಿಟ್ಟು ದಿನ ಟೆಂಪೋ ಬೇಕೆಂದು ಕಚೇರಿಗೆ ಬರೆದೆ. ಪರಿಶೀಲಿಸುತ್ತೇವೆ ಎಂದರು. ಎರಡು ಹಂಗಾಮು ಪರಿಶೀಲಿಸಿದರು.

ಈ ಸಲ ಹಣ್ಣು ಕಣ್ಣು ಬಿಡುವ ಮೊದಲೇ ಅಜ್ಜಿ ತೀರಿಕೊಂಡಳು. ತಡವಾಗಿ ಸುದ್ದಿ ತಿಳಿದು ಹೋದಾಗ ಸೊಸೆ ಅಂಗಳದ ಕಲ್ಲಿಗೆ ಮಚ್ಚು ಮಸೆಯುತ್ತಿದ್ದಳು. ತುಕ್ಕು ನೀರಿನಲ್ಲಿ ಕೆಂಪಗೆ ಇಳಿಯುತ್ತಿತ್ತು.

"ಅತ್ತೆ ಇರೋ ತನಕ ಇದನ್ನ ಮುಟ್ಟಾಕ ಬಿಡ್ಲಿಲ್ರಿ. ಆ ತಮ್ಮ ಗಾಡಿ ತರ್ತಾನೆ, ತಡಿ ಅಂತಿದ್ರು." ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ತರ್ತೀರೇನ್ರಿ?"

"ಕಚೇರಿಗೆ ಬರ್ದಿದ್ದೀನಿ" ಎಂದೆ. ಅವಳು ಕಲ್ಲಿಗೆ ಇನ್ನಷ್ಟು ನೀರು ಚಿಮುಕಿಸಿದಳು.