ಸರ್ಕಾರಕ್ಕೆ ತೋರಿಸುವ ಬಟ್ಟೆ

ಟಿಚ್, ಟಿಚ್, ಟಿಚ್ — ಫ್ರಾಕಿನ ಬೆನ್ನ ಮೇಲಿನ ಟಿಚ್ ಬಟನ್‌ಗಳು ಒಂದರ ಹಿಂದೊಂದು ಬಿಚ್ಚಿಕೊಳ್ಳುವ ಸದ್ದು. ಎಪ್ಪತ್ತರ ದಶಕದ ಒಂದು ಮಧ್ಯಾಹ್ನ, ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ನಮ್ಮ ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅವರ ಮೈಮೇಲಿನ ಬಟ್ಟೆಯನ್ನು ವಾಪಸ್ ಬಿಚ್ಚಿಸಿಕೊಂಡವಳು ನಾನು. ಲೆಕ್ಕ ಬರೆಯುವ ರೈಟರ್ ಅಲ್ಲ, ಮೇಸ್ತ್ರಿ ಅಲ್ಲ — ನಾನೇ, ಈ ಕೈಗಳಿಂದಲೇ.

ಇದನ್ನು ಈಗ ಹೇಳುವುದಕ್ಕೆ ಕಾರಣವಿದೆ. ನಮ್ಮ ಲೇಡೀಸ್ ಕ್ಲಬ್ಬಿನವರು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಈ ಸುತ್ತಮುತ್ತ ಕೂಲಿ ಹೆಂಗಸರ ಮಕ್ಕಳಿಗಾಗಿ ಮೊದಲ ಕ್ರೆಶ್ ತೆರೆದ 'ಪಯೋನಿಯರ್' ಎಂದು ನನ್ನ ಬಗ್ಗೆ ಎರಡು ಪುಟ ಬೇಕಂತೆ. ನನ್ನ ಮೊಮ್ಮಕ್ಕಳೂ ಹಾಗೆಯೇ ನಂಬಿದ್ದಾರೆ. ನಾನು ಯಾವತ್ತೂ ಇಲ್ಲ ಅಂದವಳಲ್ಲ — ಹೌದು ಅಂದವಳೂ ಅಲ್ಲ, ಸುಮ್ಮನೆ ಒಂದು ಸಣ್ಣ ನಗು. ಆ ನಗು ಎಷ್ಟು ಸುಳ್ಳು ಹೇಳಿತು ಎನ್ನುವುದು ನನಗೊಬ್ಬಳಿಗೇ ಗೊತ್ತು. ಎರಡು ಪುಟ ತಾನೇ ಬೇಕಾದದ್ದು? ತೆಗೆದುಕೊಳ್ಳಿ.

ತಾಯಂದಿರು ಹಣ್ಣು ಕೊಯ್ಯಲು ಹೋದಾಗ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ, ಒಬ್ಬ ಆಯಾ, ಒಂದಿಷ್ಟು ಹಾಲು — ಇದು ತೋಟಗಳಿಗೆ ಸರ್ಕಾರ ಮಾಡಿದ್ದ ಕಾನೂನು. ನಮ್ಮಲ್ಲೂ ಕೋಣೆಯಿತ್ತು. ಬಾಗಿಲ ಮೇಲೆ 'ಶಿಶುವಿಹಾರ' ಎಂದು ಬರೆಸಿದ್ದೆವು. ಒಳಗೆ ಗೊಬ್ಬರದ ಚೀಲ, ಔಷಧಿ ಹೊಡೆಯುವ ಪಂಪು, ಮೈಲುತುತ್ತದ ಡಬ್ಬ. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬರುತ್ತಾರೆಂದು ಚಿಕ್ಕಮಗಳೂರಿನಿಂದ ಫೋನ್ ಬಂದರೆ ಮಾತ್ರ ಚೀಲಗಳು ಹೊರಗೆ, ಮಕ್ಕಳು ಒಳಗೆ.

ಆ ಕೋಣೆಯನ್ನು ಅಲಂಕರಿಸುವ ಕೆಲಸ ನನ್ನದು. ಅಯ್ಯೋ, ಎಷ್ಟು ಹುರುಪಿನಿಂದ ಮಾಡುತ್ತಿದ್ದೆ! ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬಿಷಪ್ ಬರುವ ದಿನ ನಮ್ಮ ಮಂಚಗಳಿಗೆ ಬಿಳಿ ಲೇಸಿನ ಹೊದಿಕೆ ಹಾಕಿ, ಅವರು ಹೋದ ಕೂಡಲೇ ಮಡಚಿ ಬೀರುವಿಗೆ ಸೇರಿಸುತ್ತಿದ್ದರು. ನಮಗೆ ಅದು ವಂಚನೆ ಅನ್ನಿಸುತ್ತಿರಲಿಲ್ಲ, ಮ್ಯಾನರ್ಸ್ ಅನ್ನಿಸುತ್ತಿತ್ತು. ಅದೇ ಮ್ಯಾನರ್ಸನ್ನು ನಾನು ಇಲ್ಲಿಗೂ ತಂದೆ. ನನ್ನ ಹೆಣ್ಣುಮಕ್ಕಳ ಹಳೆಯ ಫ್ರಾಕುಗಳು, ಸಾಲದ್ದಕ್ಕೆ ಆಲ್ದೂರಿನ ದರ್ಜಿಯ ಹತ್ತಿರ ಹೊಲಿಸಿದ ಇನ್ನೊಂದಿಷ್ಟು, ಕ್ಯಾನ್‌ವಾಸ್ ಶೂ, ಮರದ ಕುದುರೆ. ಆಯಾ ಆಗಿ ನಮ್ಮ ಅಡುಗೆಯವಳು. ಇನ್‌ಸ್ಪೆಕ್ಟರ್ ಮಕ್ಕಳ ತಲೆ ಸವರಿ, "ಇದು ದಿನಾ ನಡೆಯುತ್ತದೆಯೇ ಮೇಡಂ?" ಎಂದು ಕೇಳಿದರು.

"ಎವೆರಿ ಸಿಂಗಲ್ ಡೇ, ಸರ್."

ಜೀಪು ತಿರುವು ದಾಟಿದ ಮೇಲೆ — ಟಿಚ್, ಟಿಚ್. ಲೀಲಾ ಎನ್ನುವ ಮೂರು ವರ್ಷದ ಮಗು ಮಾತ್ರ ತನ್ನ ಹಳದಿ ಫ್ರಾಕನ್ನು ಎರಡು ಮುಷ್ಟಿಯಲ್ಲಿ ಹಿಡಿದು ಬಿಡಲಿಲ್ಲ. ನಾನು ಎಳೆದೆ. ಅಂಚು ಹರಿಯಿತು. ಅವಳ ತಾಯಿ ಪದ್ದು, ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದವಳು, ಬಾಗಿಲಲ್ಲಿ ನಿಂತಿದ್ದಳು. ಸಿಟ್ಟಿಲ್ಲ, ಅಳುವಿಲ್ಲ.

"ಬಿಡು ಮಗಾ," ಅಂದಳು. "ಅದು ಸರ್ಕಾರಕ್ಕೆ ತೋರ್ಸೋ ಬಟ್ಟೆ. ನಿಂಗಲ್ಲ."

ಮಾರನೆಯ ಸಂಜೆ ವಾಕಿಂಗ್ ಹೋದಾಗ ಕೆರೆ ಪಕ್ಕದ ತಾಕಿನಲ್ಲಿ ಲೀಲಾಳನ್ನು ಮತ್ತೆ ಕಂಡೆ. ನೀರಿಗೆ ಹೋಗದಿರಲೆಂದು ತಾಯಿ ಅವಳ ಸೊಂಟಕ್ಕೆ ಹಳೆಯ ಸೀರೆಯ ಅಂಚು ಕಟ್ಟಿ, ಇನ್ನೊಂದು ತುದಿಯನ್ನು ಕಾಫಿ ಗಿಡದ ಬುಡಕ್ಕೆ ಬಿಗಿದಿದ್ದಳು. ನಾವು ನಾಯಿಯನ್ನು ಕಟ್ಟುವ ಹಾಗೆ — ನಾನು ಇದನ್ನು ಬರೆಯಲೇಬೇಕು — ಆದರೆ ನಮ್ಮ ನಾಯಿಗಾದರೂ ಗೂಡಿತ್ತು. ಮಗು ನನ್ನನ್ನು ನೋಡಿ ನಕ್ಕಿತು. ನಾನು ವಾಕಿಂಗ್ ಮುಂದುವರಿಸಿದೆ.

ಮುಂದಿನ ವರ್ಷ ಹಣ್ಣು ಕೆಂಪಗೆ ತುಂಬಿ ನಿಂತಿದ್ದಾಗ ಮತ್ತೆ ಫೋನು ಬಂತು. ಫ್ರಾಕುಗಳನ್ನು ಎತ್ತಿಟ್ಟಿದ್ದ ಟ್ರಂಕನ್ನು ಮತ್ತೆ ತೆರೆದೆ. ಈ ಸಲ ತಾಯಂದಿರೇ ಬಂದು, "ನಾವೇ ಹಾಕ್ತೇವೆ ಅಮ್ಮಾ, ನೀವು ಕೂತ್ಕಳಿ" ಅಂದರು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಎಷ್ಟು ಚಂದ ತಯಾರು ಮಾಡಿದ್ದರು! ಕೊನೆಗೂ ಇವರಿಗೆ ಬುದ್ಧಿ ಬಂತು ಅಂದುಕೊಂಡೆ. ಇನ್‌ಸ್ಪೆಕ್ಟರ್ ನೋಡಿದರು, ಬಂಗಲೆಯಲ್ಲಿ ಟೀ ಕುಡಿದರು, ಗೇಟಿನವರೆಗೆ ನಡೆದೇ ಹೋಗೋಣ ಎಂದರು. ನನ್ನ ಯಜಮಾನರು, ನಾನು, ಅವರು. ಹಿಂದೆ ನಿಧಾನವಾಗಿ ಜೀಪು.

ಗೇಟು ಮುಚ್ಚಿತ್ತು. ಅದರ ಮುಂದೆ ತೋಟದ ಅಷ್ಟೂ ಹೆಂಗಸರು, ಸೊಂಟದಲ್ಲಿ ಕೊಯ್ಲಿನ ಬುಟ್ಟಿ, ಕೈಯಲ್ಲಿ ಮಕ್ಕಳು. ಪದ್ದು ಮುಂದೆ ಬಂದು ಲೀಲಾಳನ್ನು ತಿರುಗಿಸಿ ನಿಲ್ಲಿಸಿ, ಬಟನ್ ಬಿಚ್ಚಿ, ಫ್ರಾಕನ್ನು ಅಂಗಡಿಯವರ ಹಾಗೆ ನೀಟಾಗಿ ಮಡಚಿ, ಜೀಪಿನ ಬಾನೆಟ್ಟಿನ ಮೇಲಿಟ್ಟಳು. ಹಿಂದೆಯೇ ಇನ್ನೊಬ್ಬಳು. ಮತ್ತೊಬ್ಬಳು.

"ಇದೇನಮ್ಮಾ ಇದು?" ಇನ್‌ಸ್ಪೆಕ್ಟರ್ ಬೆರಗಾದರು.

"ನೀವು ಹೋದ್ಮೇಲೆ ಹೆಂಗೂ ಬಿಚ್ತಾರೆ ಸಾರ್. ನೀವಿದ್ದಾಗ್ಲೇ ಬಿಚ್ಚಿ ಕೊಟ್ರೆ ಅಮ್ಮಾವ್ರಿಗೆ ಒಂದು ಕೆಲ್ಸ ಕಮ್ಮಿ ಅಲ್ವಾ?"

"ಬೂಟ್ಸೂ ಉಂಟು ಮಾರಾಯ್ರೆ, ಎಣಿಸ್ಕಳಿ!" ಹಿಂದಿನಿಂದ ಯಾರೋ ಕೂಗಿದರು.

ಮಕ್ಕಳಿಗೋ ಖುಷಿಯೋ ಖುಷಿ. ಬರಿಮೈಯಲ್ಲಿ ಬಿಸಿಲಿಗೆ ಕುಣಿಯುತ್ತಿದ್ದವು. ಬಾನೆಟ್ಟಿನ ಮೇಲೆ ನಾನು ಇಸ್ತ್ರಿ ಮಾಡಿಸಿದ್ದ ಬಟ್ಟೆಗಳ ಗೋಪುರ ಏರುತ್ತಿತ್ತು. ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿ, "ಇವರು ಹೇಳ್ತಿರೋದು ನಿಜವೇ ಮೇಡಂ?" ಅಂದರು.

ನಿಜ ಹೇಳಲು ಅಷ್ಟು ಒಳ್ಳೆಯ ಗಳಿಗೆ ನನಗೆ ಜೀವನದಲ್ಲಿ ಮತ್ತೆ ಸಿಗಲಿಲ್ಲ. ನಾನು ಏನು ಹೇಳಿದೆ ಗೊತ್ತೇ? ಹೆಂಗಸರಿಗೆ ತಿಳಿಯಬಾರದೆಂದು ಇಂಗ್ಲಿಷಿನಲ್ಲಿ — "ದೀಸ್ ಪೀಪಲ್ ವಿಲ್ ಸೇ ಎನಿಥಿಂಗ್, ಸರ್."

"ಅಮ್ಮ ಎಂಥ ಅಂದ್ರು?" ಪದ್ದು ಜೀಪಿನ ಡ್ರೈವರನ್ನು ಕೇಳಿದಳು. ಬಣಕಲ್ಲಿನ ಖಾದರ್ ಅವನು. ಹಿಂದೆ ಬಿಳಿ ದೊರೆಯೊಬ್ಬನ ಕಾರು ಓಡಿಸಿ ಇಂಗ್ಲಿಷ್ ಕಲಿತಿದ್ದ. ಸ್ಟಿಯರಿಂಗ್ ಮೇಲೆ ಗಲ್ಲ ಊರಿ, "ನೀವೆಲ್ಲ ಬಾಯಿಗೆ ಬಂದದ್ದು ಹೇಳ್ತೀರಂತೆ ಪದ್ದಕ್ಕ" ಎಂದುಬಿಟ್ಟ.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಪದ್ದು ನಗಲಿಲ್ಲ. "ಹಂಗಾದ್ರೆ ಸಾರ್, ಇನ್ನೊಂದ್ಸಲ ಬನ್ನಿ. ಫೋನು ಮಾಡ್ದೆ ಬನ್ನಿ. ಅಷ್ಟೇ ನಾವು ಕೇಳೋದು."

"ಬರ್ತೇನೆ," ಅಂದರು ಅವರು. ನಮ್ಮ ಟೀ ಕುಡಿದಿದ್ದವರು, ಆದರೆ ನನ್ನ ಮುಖವನ್ನು ಮತ್ತೆ ನೋಡಲಿಲ್ಲ.

ಆವತ್ತಿನಿಂದ ಹೆಂಗಸರು ಕೊಯ್ಲಿಗೆ ಇಳಿಯಲಿಲ್ಲ. ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕಾಫಿ ಒಣಗಿಸುವ ಕಣದ ತುಂಬ ಕೂತರು. ಗಿಡದ ಬುಡದಲ್ಲೆಲ್ಲ ಹಣ್ಣು ಉದುರಿ ಕೆಂಪಗಾಯಿತು. "ಬೆಳೆ ಹಾಳಾಗ್ತಿದೆ, ಕಣ್ಣಿಗೆ ಕಾಣಲ್ವೇನ್ರೇ?" ಎಂದು ಯಜಮಾನರು ಗದರಿದರೆ, ಪದ್ದು ಕೂತಲ್ಲಿಂದಲೇ, "ಹಣ್ಣು ಬಿದ್ರೆ ಹೆಕ್ತೇವೆ ಧಣಿ. ಮಗು ಕೆರೆಗೆ ಬಿದ್ರೆ ಎಂಥ ಮಾಡೋದು, ಹೇಳಿ?" ಎಂದಳು.

ಕೊನೆಗೆ ಯಜಮಾನರು ರೈಟರನ್ನು ಕರೆದು ಆ ಕೋಣೆಯ ಬೀಗದ ಕೈ ಕೊಟ್ಟು ಕಳಿಸಿದರು.

ಗೊಬ್ಬರದ ಚೀಲಗಳನ್ನು ಆ ಹೆಂಗಸರೇ ಹೊತ್ತು ಹೊರಗೆ ಹಾಕಿದರು. ನೆಲ ತಿಕ್ಕಿದರು, ಸುಣ್ಣ ಬಳಿದರು, ಬಳಿಯುತ್ತ ಒಬ್ಬರ ಮುಖಕ್ಕೊಬ್ಬರು ಸುಣ್ಣ ಹಚ್ಚಿ ಹೋ ಎಂದು ಕಿರುಚಿದರು. ಆಯಾ ಯಾರು ಎನ್ನುವುದನ್ನೂ ಅವರೇ ತೀರ್ಮಾನಿಸಿದರು — ಮೊಣಕಾಲು ನೋವಿನಿಂದ ಕೊಯ್ಲಿಗೆ ಇಳಿಯಲಾರದ ಒಬ್ಬ ಅಜ್ಜಿ, ಪೂರಾ ಕೂಲಿಗೆ. ಫೋನಿಲ್ಲದೆ ಜೀಪು ಬಂದ ದಿನ ಮಕ್ಕಳು ತಮ್ಮದೇ ಹರಕು ಬಟ್ಟೆಯಲ್ಲಿ, ಹಾಲಿನ ಮೀಸೆ ಹೊತ್ತು, ನಿದ್ದೆ ಹೋಗಿದ್ದವು. ಅಷ್ಟರಲ್ಲಿ ಪಕ್ಕದ ತೋಟದ ಹೆಂಗಸರಿಗೆ ಸುದ್ದಿ ಮುಟ್ಟಿ, ಅಲ್ಲಿಯೂ ಕಣದಲ್ಲಿ ಕೂತರು. ಅದರಾಚೆಯ ತೋಟದಲ್ಲಿ ಹೆಂಗಸರು ಕೂರುವ ಮೊದಲೇ ಮಾಲೀಕರು ಶಿಶುವಿಹಾರದ ಬಾಗಿಲು ತೆಗೆಸಿದರು!

ನಾನು? ನಾನು ತಲೆನೋವೆಂದು ಮಲಗಿದ್ದೆ.

ಮಳೆಗಾಲ ಮುಗಿದ ಮೇಲೆ ಪ್ಲಾಂಟರುಗಳ ಸಂಘದವರು 'ಅಧಿಕೃತ' ಉದ್ಘಾಟನೆ ಮಾಡಿಸಿದರು. ಗೋಡೆಯ ಕಲ್ಲಿನ ಮೇಲೆ ನನ್ನ ಹೆಸರು. ಸರ್ವಿಸ್, ಸ್ಯಾಕ್ರಿಫೈಸ್ ಎಂದೆಲ್ಲ ಭಾಷಣ ಓದಿದೆ. ರಿಬ್ಬನ್ನಿಗೆ ಕತ್ತರಿ ತಂದುಕೊಟ್ಟವಳು ಪದ್ದುವೇ. ಮೆಲ್ಲಗೆ ನನಗಷ್ಟೇ ಕೇಳುವಂತೆ, "ಬೇಗ ಕತ್ರಿಸಿ ಅಮ್ಮಾ, ಹಾಲು ತಣ್ಣಗಾಗ್ತದೆ" ಅಂದಳು. ಕಲ್ಲಿನ ಮೇಲೆ ಯಾರ ಹೆಸರಿದೆ ಎಂದು ಅವಳು ತಲೆಯೆತ್ತಿ ನೋಡಲೂ ಇಲ್ಲ. ಗೆದ್ದವಳಿಗೆ ಅದರ ಹಂಗಿರಲಿಲ್ಲ. ಸೋತವಳಿಗೆ ಬೇಕಿತ್ತು, ಇಟ್ಟುಕೊಂಡೆ. ಇಂದು ಅದನ್ನು ಅವಳಿಗೆ ಬರೆದುಕೊಡುತ್ತಿದ್ದೇನೆ. ಕ್ಷಮೆ ಕೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ —

ಅವಳನ್ನು ಕೊನೆಯ ಸಲ ಕಂಡದ್ದು ಎಂಬತ್ತರ ದಶಕದ ಕೊನೆಯಲ್ಲಿ. ಮಂಡಲ ಪಂಚಾಯ್ತಿ ಬಂದು, ಹೆಂಗಸರಿಗೂ ಸೀಟು ಸಿಕ್ಕು, ಪದ್ದು ಮೆಂಬರಾಗಿದ್ದಳು. ಕೆಲಸ ಬಿಟ್ಟ ದಿನವೇ ತೋಟದ ಲೈನು ಮನೆಯಿಂದ ಹೊರಬೀಳಬೇಕಿದ್ದ ಕೂಲಿಯವರಿಗೆ ಸ್ವಂತ ನಿವೇಶನ ಕೊಡಿಸಲು ನಮ್ಮ ಬೇಲಿಯಾಚೆಯ ಸರ್ಕಾರಿ ಜಾಗವನ್ನು ಅಳೆಸುತ್ತಿದ್ದಳು. ಸರ್ವೆಯವನ ಸರಪಳಿಯ ಒಂದು ತುದಿ ಅವಳ ಕೈಯಲ್ಲೇ. "ಎಳೀರಿ ಸ್ವಾಮಿ, ಊಟ ಮಾಡಿಲ್ವಾ ನೀವು?" ಎಂದು ಅವನನ್ನು ಗದರುತ್ತಿದ್ದಳು. ಇವತ್ತು ಹೇಳಿಯೇಬಿಡುತ್ತೇನೆಂದು ಬೇಲಿ ದಾಟಿ ಹೋಗಿ, "ಪದ್ದು…" ಅಂದೆ.

ಅವಳು ತಿರುಗಿ ನೋಡಿದಳು. ಚೆನ್ನಾಗಿಯೇ ನಕ್ಕಳು.

"ಅಮ್ಮಾ, ಒಂಚೂರು ಆಚೆ ನಿಲ್ಲಿ. ನೀವು ನಿಂತಿರೋದು ಒಬ್ರ ಮನೆ ಬಾಗಿಲಲ್ಲಿ."

ನಾನು ಸರಿದು ನಿಂತೆ. ಅವಳು ಸರಪಳಿ ಎಳೆದುಕೊಂಡು ಇಳಿಜಾರಿನಲ್ಲಿ ಮುಂದಿನ ಮನೆಯ ಕಡೆ ಇಳಿದು ಹೋದಳು.