ಕುರ್ಚಿಯ ಮೇಲಿನ ಕಾಗದ

ಸೈಕ್ಲೋಸ್ಟೈಲ್ ಯಂತ್ರದಿಂದ ಬಂದ ಹಾಳೆಗಳು ಕರಿದ ಹಪ್ಪಳದಂತೆ ಮುದುರಿಕೊಂಡಿದ್ದವು. ಅರವತ್ತರ ದಶಕದ ದಾಂಡೇಲಿ. ಊರಲ್ಲೇ ತಯಾರಾದ ಕಾಗದವೂ ಮಳೆಗಾಲದ ತೇವಕ್ಕೆ ಮಣಿಯುತ್ತಿತ್ತು. ಕಟ್ಟನ್ನು ಮಗುಚಿ ಹಾಕಿ ನೋಡಿದರೂ ಅದೇ ಕಥೆ. ನಮ್ಮ ಕಚೇರಿಯ ದಢೂತಿ ಹೆಡ್‌ಕ್ಲಾರ್ಕ್ ಚನ್ನಬಸಪ್ಪನವರು ಶಾಯಿ ಆರಿದ ಹಾಳೆಗಳನ್ನು ತಮ್ಮ ಕುರ್ಚಿಯ ಮೇಲೆ ಜೋಡಿಸಿ, ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಸರಸ್ವತಿ, ಸಿಟ್ಟಾಗಬ್ಯಾಡ ತಾಯಿ. ಸಾಹೇಬ್ರಿಗೆ ಸಪಾಟ ಹಾಳಿ ಬೇಕಾಗ್ಯಾವು,” ಎಂದವರೇ ಅವುಗಳ ಮೇಲೆ ಕುಳಿತುಬಿಟ್ಟರು. ಹೊಸದಾಗಿ ಟೈಪಿಸ್ಟ್ ಆಗಿ ಸೇರಿದ್ದ ನಾನು ನಗು ತಡೆಯಲು ಸೆರಗು ಕಚ್ಚಿಕೊಂಡೆ. ಅವರು ನಿಧಾನವಾಗಿ ಚಹಾ ಕುಡಿದು ಎದ್ದಾಗ ಹಾಳೆಗಳು ನೆಟ್ಟಗಾಗಿದ್ದವು. ಆಮೇಲೆ ಪ್ರತಿ ಮಳೆಗಾಲವೂ ಇದೇ ಉಪಾಯ.

ಅವರು ನಿವೃತ್ತರಾದ ವರ್ಷವೂ ರೂಢಿಯಂತೆ ಕಟ್ಟನ್ನು ಅದೇ ಕುರ್ಚಿಯ ಮೇಲಿಟ್ಟೆ. “ಇದನ್ನ ಇಲ್ಲಿ ಯಾರ ಇಟ್ಟಾರ್ರಿ?” ಎಂದು ಹೊಸ ಹೆಡ್‌ಕ್ಲಾರ್ಕ್ ಕೇಳಿದರು. ಮುದುರಿದ ಆ ಹಾಳೆಗಳನ್ನು ಎತ್ತಿ ಕಣ್ಣಿಗೊತ್ತಿಕೊಂಡೆ.